ಮಳೆಗಾಲದಲ್ಲಿ ಕಾರಿನ ಗಾಜು ಮಬ್ಬಾದರೆ ಏನು ಮಾಡಬೇಕು? ಕರಾವಳಿಗೂ ಘಟ್ಟಕ್ಕೂ ಎಸಿ, ಹೀಟರ್ ಬಳಸುವ ಕ್ರಮ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಉತ್ತರ ಕನ್ನಡದಲ್ಲಿ ಕಾರು ಓಡಿಸುವವರಿಂದ ಎರಡು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಬ್ಬರು, "ಎಸಿ ಹಾಕಿದ ಮೇಲೆ ಗಾಜು ಇನ್ನಷ್ಟು ಮಬ್ಬಾಯಿತು" ಎನ್ನುತ್ತಾರೆ. ಇನ್ನೊಬ್ಬರು, "ಎಸಿ ಆರಿಸಿದ ಎರಡು ನಿಮಿಷಕ್ಕೆ ರಸ್ತೆಯೇ ಕಾಣದಾಯಿತು" ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಏಕೆಂದರೆ ಮಬ್ಬಿನಲ್ಲಿ ಎರಡು ಬಗೆ: ಗಾಜಿನ ಒಳಬದಿಗೆ ಕಟ್ಟುವುದು ಒಂದು, ಹೊರಬದಿಗೆ ಕಟ್ಟುವುದು ಇನ್ನೊಂದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ.

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಒಂದು ಬಗೆ ಹೆಚ್ಚು ಕಾಡಿದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೊಂದು. ದೇವಿಮನೆ, ಅರಬೈಲ್, ಗೇರುಸೊಪ್ಪ ಘಟ್ಟಗಳಲ್ಲಿ ಒಂದೇ ಪ್ರಯಾಣದಲ್ಲಿ ಎರಡೂ ಎದುರಾಗುತ್ತವೆ. ಹಾಗಾಗಿ ಯಾರೋ ಹೇಳಿದ ಒಂದೇ ಬಟನ್ ಒತ್ತಿ ನಮ್ಮ ಜಿಲ್ಲೆಯನ್ನು ದಾಟಲಾಗದು. ಕ್ರಮ ತಿಳಿದಿರಬೇಕು.

ಮೊದಲು ತಿಳಿದಿರಬೇಕಾದ ಒಂದು ವಿಷಯ

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ತೇವ ತುಂಬಿದ ಗಾಳಿ ತಣ್ಣನೆಯ ಗಾಜಿಗೆ ತಾಗಿದಾಗ, ಹಿಡಿದುಕೊಳ್ಳಲಾಗದ ನೀರು ಗಾಜಿನ ಮೇಲೆ ಸಣ್ಣ ಹನಿಗಳಾಗಿ ಕೂರುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ಬಾಟಲಿಯ ಮೈ ಬೆವರುವುದೂ ಇದೇ ಕಾರಣಕ್ಕೆ.

ಎಸಿ ಇಲ್ಲಿ ಎರಡು ಕೆಲಸ ಮಾಡುತ್ತದೆ. ಗಾಳಿಯನ್ನು ತಣ್ಣಗಾಗಿಸುವುದು ಒಂದು, ಒಣಗಿಸುವುದು ಇನ್ನೊಂದು. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ಮೇಲೆ ಗಾಳಿ ಹಾದುಹೋಗುವಾಗ ಅದರ ತೇವದ ಸಾಕಷ್ಟು ಭಾಗ ಆ ಕಾಯಿಲ್‌ನ ಮೇಲೆ ನೀರಾಗಿ ಇಳಿದು, ಡ್ರೇನ್ ಪೈಪಿನ ಮೂಲಕ ಕಾರಿನಡಿ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ನಮಗೆ ಬೇಕಾದದ್ದು ಈ ಎರಡನೆಯ ಕೆಲಸ. "ಮಳೆ ಸುರಿದು ಚಳಿ ಹಿಡಿಯುತ್ತಿರುವಾಗ ಎಸಿ ಏಕೆ" ಎಂದು ಆರಿಸಿಬಿಡುವುದೇ ಅರ್ಧಕ್ಕರ್ಧ ತೊಂದರೆಯ ಮೂಲ.

ಹೀಟರ್ ಗಾಳಿಯಿಂದ ನೀರನ್ನು ತೆಗೆಯುವುದಿಲ್ಲ. ಅದು ಗಾಳಿಯನ್ನೂ ಗಾಜನ್ನೂ ಬೆಚ್ಚಗಾಗಿಸುತ್ತದೆ ಅಷ್ಟೆ. ಬೆಚ್ಚಗಿನ ಗಾಜಿನ ಮೇಲೆ ನೀರು ಕೂರಲಾರದು. ಎಸಿ ಮತ್ತು ಹೀಟರ್ ಒಟ್ಟಿಗೆ ಕೆಲಸ ಮಾಡಬಲ್ಲವು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಎಸಿ ಬಟನ್ ಒತ್ತಿ, ತಾಪಮಾನದ ಗುಂಡಿಯನ್ನು ಕೆಂಪು ಗುರುತಿನ ಕಡೆ ತಿರುಗಿಸಿದರೆ ಗಾಳಿ ಮೊದಲು ಒಣಗಿ, ಆಮೇಲೆ ಬೆಚ್ಚಗಾಗಿ ಹೊರಬರುತ್ತದೆ. ಒಳಬದಿಯ ಮಬ್ಬಿಗೆ ಇದಕ್ಕಿಂತ ದೊಡ್ಡ ಔಷಧ ಇಲ್ಲ.

ಹಂತ 1: ಮಳೆ ಹಿಡಿಯುವ ಮೊದಲು ಮಾಡಿಕೊಳ್ಳುವ ಸಿದ್ಧತೆ

ಬೇಕಾದ ಸಾಮಾನು ಹೆಚ್ಚೇನಿಲ್ಲ. ಎರಡು ಮೈಕ್ರೋಫೈಬರ್ ಬಟ್ಟೆ, ಗಾಜು ಒರೆಸುವ ದ್ರಾವಣ, ಹೊಸ ಎಸಿ ಫಿಲ್ಟರ್, ರಬ್ಬರ್ ಮ್ಯಾಟ್, ಹಳೆಯ ಪತ್ರಿಕೆಗಳು ಮತ್ತು ಒದ್ದೆ ಕೊಡೆ ಇಡಲು ಒಂದು ಪ್ಲಾಸ್ಟಿಕ್ ಚೀಲ.

ಗಾಜಿನ ಒಳಬದಿಯನ್ನು ಒರೆಸುವುದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಏಳುವ ಆವಿ, ಕೈಯ ಜಿಡ್ಡು, ಧೂಳು ಎಲ್ಲ ಸೇರಿ ಗಾಜಿನ ಒಳಮೈಗೆ ತೆಳ್ಳನೆಯ ಪದರ ಕಟ್ಟುತ್ತದೆ. ಶುಭ್ರ ಗಾಜಿಗಿಂತ ಇಂಥ ಗಾಜಿನ ಮೇಲೆ ಮಬ್ಬು ಬಲುಬೇಗ ಹಿಡಿಯುತ್ತದೆ, ಹಿಡಿದ ಮೇಲೆ ಬಿಡುವುದೂ ನಿಧಾನ. ಡ್ಯಾಶ್‌ಬೋರ್ಡಿಗೆ ಹೊಳಪು ಬರಲೆಂದು ಹಚ್ಚುವ ಸ್ಪ್ರೇಗಳು ಈ ಪದರವನ್ನು ಇನ್ನೂ ಬೆಳೆಸುತ್ತವೆ. ಮಳೆಗಾಲ ಮುಗಿಯುವವರೆಗೆ ಅವನ್ನು ಮುಟ್ಟಬೇಡಿ.

ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಒಂದು ಬಟ್ಟೆಗೆ ದ್ರಾವಣ ಹಾಕಿ ಒರೆಸಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಉಜ್ಜಿ. ಒಳಬದಿಯನ್ನು ಮೇಲಿನಿಂದ ಕೆಳಗೆ, ಹೊರಬದಿಯನ್ನು ಎಡದಿಂದ ಬಲಕ್ಕೆ ಒರೆಸುವ ಅಭ್ಯಾಸ ಮಾಡಿಕೊಂಡರೆ ಉಳಿದ ಗೆರೆ ಯಾವ ಬದಿಯದೆಂದು ಕೂಡಲೇ ಗೊತ್ತಾಗುತ್ತದೆ. ಪಾತ್ರೆ ತೊಳೆಯುವ ಸಾಬೂನು ಬೇಡ, ಅದು ತನ್ನದೇ ಪದರವನ್ನು ಬಿಟ್ಟುಹೋಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದಂಥ ಕಡಲಬದಿಯ ಊರಿನವರು ಹೊರಮೈಯನ್ನೂ ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆಯಬೇಕು. ಉಪ್ಪುಗಾಳಿಯ ಪದರದ ಮೇಲೆ ವೈಪರ್ ಓಡಿದಾಗ ಕಾಣುವ ಮಸುಕನ್ನು ಎಷ್ಟೋ ಜನ ಮಬ್ಬು ಎಂದೇ ತಿಳಿದು ಎಸಿಯ ಜೊತೆ ಗುದ್ದಾಡುತ್ತಾರೆ. ರಾತ್ರಿ ಎದುರಿನ ವಾಹನದ ದೀಪ ಗಾಜಿನ ಮೇಲೆಲ್ಲ ಚೆದುರಿ ಕಂಡರೆ, ಮೊದಲು ಅನುಮಾನಿಸಬೇಕಾದದ್ದು ಈ ಕೊಳೆಯನ್ನೇ.

ಆಮೇಲೆ ಎಸಿ ಫಿಲ್ಟರ್. ಬಹುತೇಕ ಕಾರುಗಳಲ್ಲಿ ಅದು ಎಡಬದಿಯ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಕೈಯಿಂದಲೇ ತೆಗೆಯಬಹುದು. ಕಪ್ಪಾಗಿ, ತೇವ ಹಿಡಿದು, ಎಲೆಪುಡಿ ತುಂಬಿಕೊಂಡಿದ್ದರೆ ಬದಲಿಸಿ. ಫಿಲ್ಟರ್ ಕಟ್ಟಿಕೊಂಡಿದ್ದರೆ ಬ್ಲೋವರ್ (ಗಾಳಿ ಬೀಸುವ ಫ್ಯಾನ್) ಎಷ್ಟು ಜೋರಾಗಿ ಸದ್ದು ಮಾಡಿದರೂ ಗಾಜಿಗೆ ಗಾಳಿ ತಲುಪುವುದಿಲ್ಲ.

ಶಿರಸಿ, ಸಿದ್ದಾಪುರದ ಕಡೆ ಅಂಗಳದ ಹಲಸಿನ ಮರದಡಿ, ತೋಟದಂಚಿನಲ್ಲಿ ಕಾರು ನಿಲ್ಲಿಸುವವರು ಇನ್ನೊಂದು ಜಾಗ ನೋಡಲೇಬೇಕು. ಬಾನೆಟ್ ಎತ್ತಿದರೆ ವೈಪರ್‌ಗಳ ಬುಡದಲ್ಲಿ ಜಾಲರಿಯಂಥ ಒಂದು ಪಟ್ಟಿ ಕಾಣುತ್ತದೆ. ಕಾರಿನೊಳಗೆ ಹೊರಗಾಳಿ ಬರುವುದು ಅಲ್ಲಿಂದ. ಅಲ್ಲಿ ಕೊಳೆತ ಎಲೆ ತುಂಬಿದ್ದರೆ ಮಳೆನೀರು ನಿಲ್ಲುತ್ತದೆ, ಆ ಒದ್ದೆಯ ಮೇಲಿಂದಲೇ ನಿಮ್ಮ ಗಾಜಿಗೆ ಗಾಳಿ ಬರುತ್ತದೆ. ಕೈಹಾಕಿ ಬಾಚಿ ತೆಗೆಯಿರಿ.

ಕೊನೆಯದಾಗಿ ಎಸಿಯ ಪರೀಕ್ಷೆ. ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಕಾರಿನಡಿ ನೋಡಿ. ನೀರು ತೊಟ್ಟಿಕ್ಕುತ್ತಿದ್ದರೆ ಅದು ಸೋರಿಕೆಯಲ್ಲ, ಎಸಿ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಬೇಸಿಗೆ ಕಳೆಯಿತು, ಗ್ಯಾಸ್ ತುಂಬಿಸುವುದನ್ನು ಮುಂದಿನ ವರ್ಷ ನೋಡೋಣ ಎಂದು ಮುಂದೂಡಬೇಡಿ. ನಮ್ಮ ಜಿಲ್ಲೆಯಲ್ಲಿ ಎಸಿ ಬೇಸಿಗೆಗೆ ಎಷ್ಟು ಬೇಕೋ ಆಷಾಢಕ್ಕೆ ಅದಕ್ಕಿಂತ ಹೆಚ್ಚು ಬೇಕು. ಬೇಸಿಗೆಯಲ್ಲಿ ಅದು ಸುಖದ ವಸ್ತು, ಮಳೆಯಲ್ಲಿ ಜೀವರಕ್ಷಣೆಯ ವಸ್ತು.

ಹಂತ 2: ಮಬ್ಬು ಯಾವ ಬದಿಗೆ ಎಂದು ಪತ್ತೆಮಾಡಿ

ಯಾವ ಬಟನ್ನನ್ನೂ ಮುಟ್ಟುವ ಮೊದಲು ಇದು ಆಗಬೇಕು. ಎರಡು ಸೆಕೆಂಡಿನ ಕೆಲಸ.

ವೈಪರನ್ನು ಒಮ್ಮೆ ಓಡಿಸಿ. ವೈಪರ್ ಹಾದುಹೋದ ಜಾಗ ಶುಭ್ರವಾಗಿ, ಮತ್ತೆ ನಿಧಾನವಾಗಿ ಮಸುಕಾದರೆ ಮಬ್ಬು ಹೊರಬದಿಗೆ ಇದೆ. ವೈಪರ್ ಓಡಿದರೂ ಏನೂ ಬದಲಾಗದಿದ್ದರೆ ಒಳಬದಿಗೆ. ಅನುಮಾನ ಉಳಿದರೆ ಗಾಜಿನ ಅಂಚಿನಲ್ಲಿ, ದೃಷ್ಟಿಗೆ ಅಡ್ಡಬಾರದ ಕಡೆ ಬೆರಳ ತುದಿ ತಾಗಿಸಿ ನೋಡಿ. ಗೆರೆ ಮೂಡಿದರೆ ಒಳಗಿನದು. ಇಡೀ ಅಂಗೈಯಿಂದ ಮಾತ್ರ ಒರೆಸಬೇಡಿ.

ಮಬ್ಬು ಎಲ್ಲಿ ಮೊದಲು ಕಾಣಿಸಿಕೊಂಡಿತು ಎಂಬುದೂ ಸುಳಿವು ಕೊಡುತ್ತದೆ. ಡ್ಯಾಶ್‌ಬೋರ್ಡಿನ ಕಿಂಡಿಗಳ ನೇರಕ್ಕೆ, ಗಾಜಿನ ಕೆಳಭಾಗದಲ್ಲಿ ಬೀಸಣಿಗೆಯಾಕಾರದಲ್ಲಿ ಎದ್ದಿದ್ದರೆ ಅದು ಬಹುತೇಕ ಹೊರಗಿನದು, ಎಸಿಯ ತಣ್ಣನೆ ಗಾಳಿ ಹೊಡೆದ ಜಾಗ. ಅಂಚುಗಳಿಂದ, ಪಕ್ಕದ ಗಾಜುಗಳಿಂದ ಶುರುವಾಗಿ ಎಲ್ಲ ಕಡೆ ಒಟ್ಟಿಗೆ ಹರಡಿದರೆ ಒಳಗಿನದು.

ಹಂತ 3: ಒಳಬದಿಗೆ ಮಬ್ಬು ಕಟ್ಟಿದಾಗ

ಜೋರು ಮಳೆ, ಗಾಜು ಹೊರಗಿನಿಂದ ತಣ್ಣಗಾಗಿದೆ, ಒಳಗೆ ನಾಲ್ವರು ಒದ್ದೆ ಬಟ್ಟೆಯಲ್ಲಿ ಕುಳಿತಿದ್ದಾರೆ. ನಾಲ್ವರ ಉಸಿರು, ಬೆವರಿನಿಂದಲೇ ಒಂದು ಗಂಟೆಯಲ್ಲಿ ಹತ್ತಿರ ಹತ್ತಿರ ಒಂದು ಲೋಟದಷ್ಟು ನೀರು ಕಾರಿನ ಗಾಳಿಗೆ ಸೇರುತ್ತದೆ. ಕೊಡೆ, ರೇನ್‌ಕೋಟ್, ಕಾಲಡಿಯ ಕೆಸರುನೀರು ಬೇರೆ. ಕ್ರಮ ಹೀಗಿರಲಿ:

1. ಗಾಳಿಯ ದಿಕ್ಕನ್ನು ಮುಂದಿನ ಗಾಜಿಗೆ ತಿರುಗಿಸಿ. ಬೀಸಣಿಗೆಯಾಕಾರದ ಗಾಜಿನ ಚಿತ್ರದ ಮೇಲೆ ಮೂರು ಡೊಂಕು ಬಾಣಗಳಿರುವ ಗುರುತು ಇದರದ್ದು. ಆಯತಾಕಾರದ ಚಿತ್ರ ಹಿಂದಿನ ಗಾಜಿನದು, ಗಡಿಬಿಡಿಯಲ್ಲಿ ಅದನ್ನು ಒತ್ತುವವರೇ ಹೆಚ್ಚು.

2. ಎಸಿ ಹಾಕಿ. ಕೆಲವು ಕಾರುಗಳಲ್ಲಿ ಮೊದಲ ಗುರುತನ್ನು ಒತ್ತಿದೊಡನೆ ಎಸಿ ತಾನಾಗಿ ಶುರುವಾಗುತ್ತದೆ. ಆದರೂ ಎಸಿ ಬಟನ್ನಿನ ದೀಪ ಹತ್ತಿದೆಯೇ ನೋಡಿಕೊಳ್ಳಿ.

3. ಬ್ಲೋವರನ್ನು ಮೂರನೆಯ ಅಥವಾ ನಾಲ್ಕನೆಯ ವೇಗಕ್ಕೆ ಏರಿಸಿ.

4. ತಾಪಮಾನವನ್ನು ನಡುವಿನಿಂದ ಬೆಚ್ಚನೆಯ ಕಡೆಗೆ ತಿರುಗಿಸಿ. ಅಂಕಿ ತೋರಿಸುವ ಕಾರಾದರೆ 25ರಿಂದ 27. ಸೆಖೆ ಎನಿಸಬಹುದು, ಒಂದೆರಡು ನಿಮಿಷ ತಡೆದುಕೊಳ್ಳಿ.

5. ಹೊರಗಾಳಿಯನ್ನು ತೆರೆಯಿರಿ. ಕಾರಿನ ಚಿತ್ರದೊಳಗೇ ಬಾಣ ಸುತ್ತುವ ಗುರುತು ಒಳಗಾಳಿಯದು, ಹೊರಗಿನಿಂದ ಬಾಣ ಒಳಬರುವ ಗುರುತು ಹೊರಗಾಳಿಯದು.

6. ಇಷ್ಟಾದರೂ ಕಾಣದಿದ್ದರೆ ಎರಡೂ ಬದಿಯ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿ. ನಾಲ್ಕು ಹನಿ ಒಳಬಂದರೂ ಚಿಂತೆಯಿಲ್ಲ, ಒಳಗೆ ಕಟ್ಟಿನಿಂತ ಆವಿ ಹೊರಹೋಗುತ್ತದೆ.

ಗಾಜು ತಿಳಿಯಾದ ಮೇಲೆ ಬ್ಲೋವರ್ ಇಳಿಸಬಹುದು, ಗಾಳಿಯನ್ನು ಗಾಜು ಮತ್ತು ಕಾಲಿನ ನಡುವೆ ಹಂಚಬಹುದು. ಎಸಿಯನ್ನು ಮಾತ್ರ ಆರಿಸಬೇಡಿ. ಎಸಿ ಓಡುತ್ತಿರುವಾಗ ಕೂಲಿಂಗ್ ಕಾಯಿಲ್ ಪೂರ್ತಿ ನೀರಿನಿಂದ ತೋಯ್ದಿರುತ್ತದೆ. ಅದನ್ನು ಆರಿಸಿ ಬ್ಲೋವರ್ ಮಾತ್ರ ಬಿಟ್ಟರೆ, ಬೆಚ್ಚಗಾಗತೊಡಗಿದ ಕಾಯಿಲ್‌ನ ಮೇಲಿನ ನೀರೆಲ್ಲ ಮತ್ತೆ ಆವಿಯಾಗಿ ನೇರ ಗಾಜಿಗೆ ಬಡಿಯುತ್ತದೆ. "ಎಸಿ ಆರಿಸಿದ ಎರಡು ನಿಮಿಷಕ್ಕೆ" ಎನ್ನುವವರ ಕಥೆ ಇದೇ.

ಒಳಗಾಳಿಯ ವಿಷಯದಲ್ಲಿ ಒಂದು ಸ್ಪಷ್ಟನೆ ಅಗತ್ಯ. "ಒಳಗಾಳಿ ಎಂದೂ ಬೇಡ" ಎಂಬ ಸಲಹೆ ಚಳಿನಾಡುಗಳಿಂದ ಬಂದದ್ದು. ಅಲ್ಲಿ ಹೊರಗಿನ ಗಾಳಿ ತಣ್ಣಗಿದ್ದು ಅದರಲ್ಲಿ ತೇವ ಕಡಿಮೆ. ಜುಲೈನ ಕುಮಟಾದಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಇಲ್ಲಿ ಎಸಿ ಓಡುತ್ತಿರುವವರೆಗೆ ಒಳಗಾಳಿ ದೊಡ್ಡ ಅಪರಾಧವಲ್ಲ, ಒಂದೇ ಗಾಳಿ ಮತ್ತೆ ಮತ್ತೆ ಕಾಯಿಲ್ ಮೇಲೆ ಹಾದು ಇನ್ನಷ್ಟು ಒಣಗುತ್ತದೆ. ಎಸಿ ಹಳೆಯದಾಗಿ ಸೋತಿರುವ ಕಾರಿನಲ್ಲಂತೂ ಕರಾವಳಿಯಲ್ಲಿ ಅದೇ ಹೆಚ್ಚು ಫಲ ಕೊಡಬಹುದು. ನಿಜವಾದ ತಪ್ಪು ಇರುವುದು ಎಸಿ ಆರಿಸಿ, ಹೊರಗಾಳಿ ಮುಚ್ಚಿಯೇ ಇಟ್ಟು, ಕಿಟಕಿಯನ್ನೂ ಏರಿಸಿ ಹೋಗುವುದರಲ್ಲಿ. ಆಗ ಉಸಿರಿನ ತೇವಕ್ಕೆ ಹೊರದಾರಿಯೇ ಇಲ್ಲ. ದೂರದ ಪ್ರಯಾಣದಲ್ಲಿ ಹಳಸಿದ ಗಾಳಿಯಿಂದ ತೂಕಡಿಕೆಯೂ ಬರುತ್ತದೆ. ಇದನ್ನೆಲ್ಲ ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಎಸಿ ಜೊತೆಗೆ ಹೊರಗಾಳಿ ಎಂದು ಹಿಡಿದುಕೊಳ್ಳಿ, ಎರಡು ಕಡೆಯೂ ನಡೆಯುತ್ತದೆ.

ಹಂತ 4: ಹೊರಬದಿಗೆ ಮಬ್ಬು ಕಟ್ಟಿದಾಗ

ಇದು ಕರಾವಳಿಯ ಕಾಯಿಲೆ. ಹೊರಗೆ 27 ಡಿಗ್ರಿ, ಗಾಳಿಯ ತೇವಾಂಶ ಶೇ 90 ಇದೆ ಎಂದಿಟ್ಟುಕೊಳ್ಳಿ. ಕಾರವಾರದ ಮಳೆಗಾಲದಲ್ಲಿ ಇದು ತೀರ ಸಾಮಾನ್ಯ. ಅಂಥ ಗಾಳಿಯಲ್ಲಿ ಗಾಜಿನ ಮೈ ಸುಮಾರು 25 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಹೊರಬದಿಗೆ ನೀರು ಕೂರುತ್ತದೆ. ನೀವು ಎಸಿಯನ್ನು 20ಕ್ಕೆ ಇಟ್ಟು ಗಾಳಿಯನ್ನು ಗಾಜಿಗೆ ತಿರುಗಿಸಿದರೆ, ಗಾಜನ್ನು ತಣ್ಣಗಾಗಿಸಿ ಮಬ್ಬನ್ನು ಕರೆದಂತಾಯಿತು. ಕಾಣುತ್ತಿಲ್ಲವೆಂದು ಇನ್ನೂ ತಂಪು ಮಾಡಿದರೆ ಇನ್ನೂ ದಟ್ಟ.

ಮಾಡಬೇಕಾದದ್ದು ಇಷ್ಟು. ವೈಪರ್ ಒಂದೆರಡು ಬಾರಿ ಓಡಿಸಿ, ಕೂಡಲೇ ರಸ್ತೆ ಕಾಣುತ್ತದೆ. ಗಾಳಿಯನ್ನು ಗಾಜಿನಿಂದ ತಪ್ಪಿಸಿ ಮುಖಕ್ಕೋ ಕಾಲಿಗೋ ತಿರುಗಿಸಿ. ತಾಪಮಾನ ಏರಿಸಿ, 26 ಇದ್ದರೆ ಒಳ್ಳೆಯದು. ಬ್ಲೋವರ್ ಒಂದಕ್ಕೆ ಇಳಿಸಿ. ಎಸಿ ಆರಿಸುವ ಅಗತ್ಯವಿಲ್ಲ, ಆರಿಸಿದರೆ ಈ ಮಬ್ಬು ಹೋಗಿ ಒಳಬದಿಯದು ಬರುತ್ತದೆ. ಡ್ಯಾಶ್‌ಬೋರ್ಡಿನ ನಡುವಿನ ಕಿಂಡಿಗಳು ಮೇಲ್ಮುಖವಾಗಿದ್ದರೆ ಅವೂ ಗಾಜಿಗೆ ತಂಪು ಹೊಡೆಯುತ್ತವೆ, ಕೆಳಕ್ಕೆ ಬಗ್ಗಿಸಿ.

ಪಕ್ಕದ ಗಾಜು ಹೊರಗಿನಿಂದ ಮಬ್ಬಾಗಿ ಕನ್ನಡಿ ಕಾಣದಿದ್ದರೆ ಗಾಜನ್ನು ಪೂರ್ತಿ ಇಳಿಸಿ ಏರಿಸಿ, ಬಾಗಿಲ ರಬ್ಬರೇ ಒರೆಸಿಕೊಡುತ್ತದೆ. ಹಾಗೆಯೇ ಪಕ್ಕದ ಕಿಂಡಿಯನ್ನು ಆ ಗಾಜಿಗೆ ಗಾಳಿ ಬೀಸದಂತೆ ಒಳಮುಖ ಮಾಡಿ.

ಹಂತ 5: ಘಟ್ಟ ಹತ್ತುವಾಗ, ಇಳಿಯುವಾಗ

ಶಿರಸಿ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 600 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್. ಅಷ್ಟರಲ್ಲಿ ಹೊರಗಿನ ತಾಪಮಾನ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ, ಮಳೆಯ ಹೊಡೆತದಲ್ಲಿ ಗಾಜು ಅದಕ್ಕೂ ಬೇಗ ತಣ್ಣಗಾಗುತ್ತದೆ. ಕೆಳಗಿನ ಸೆಖೆಯ ಗಾಳಿಯನ್ನು ಕಾರಿನೊಳಗೆ ತುಂಬಿಕೊಂಡು ಏರುತ್ತಿರುವ ನಿಮಗೆ ಒಳಬದಿಯ ಮಬ್ಬು ಕಾದಿರುತ್ತದೆ.

ಏರಿನಲ್ಲಿ ಜನ ಮಾಡುವ ತಪ್ಪು ಒಂದೇ. ಗಾಡಿ ಎಳೆಯುವುದಿಲ್ಲವೆಂದು ಎಸಿ ಆರಿಸುತ್ತಾರೆ. ಸಣ್ಣ ಎಂಜಿನ್ನಿನ ಕಾರಿನಲ್ಲಿ ಐವರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿದ್ದರೆ ಆಸೆ ಆಗುವುದು ಸಹಜ. ಆದರೆ ಮೊದಲೇ ಹೇಳಿದಂತೆ ತೋಯ್ದ ಕಾಯಿಲ್‌ನ ನೀರು ಗಾಜಿಗೆ ಬರುವುದು ಆ ಕ್ಷಣದಿಂದಲೇ, ಅದೂ ಎದುರಿನಿಂದ ಲಾರಿ ಇಳಿಯುತ್ತಿರುವ ತಿರುವಿನಲ್ಲಿ. ಎಸಿ ಆರಿಸದೆ ಒಂದು ಗೇರ್ ಕೆಳಗಿಳಿಸಿ ನಿಧಾನ ಹೋಗಿ. ಆರಿಸಲೇಬೇಕಾದರೆ ಘಟ್ಟ ಶುರುವಾಗುವುದಕ್ಕೆ ಬಹಳ ಮುಂಚೆ, ನೇರ ರಸ್ತೆಯಲ್ಲಿ ಆರಿಸಿ, ಹೊರಗಾಳಿ ತೆರೆದು, ಕಿಟಕಿ ಬೆರಳಷ್ಟು ಇಳಿಸಿ, ಹೀಟರನ್ನು ಗಾಜಿಗೆ ಕೊಟ್ಟು, ಗಾಜು ತಿಳಿಯಾಗಿಯೇ ಉಳಿಯುತ್ತದೆ ಎಂದು ಖಾತ್ರಿಯಾದ ಮೇಲೆ ಹತ್ತಿ.

ಇಳಿಯುವಾಗ ಎಲ್ಲವೂ ತಿರುವುಮುರುವು. ಶಿರಸಿಯಿಂದ ಎಸಿಯ ತಂಪಿನಲ್ಲಿ ಬಂದ ಕಾರಿನ ಗಾಜು ತಣ್ಣಗಿದೆ, ಕೆಳಗಿಳಿದಂತೆ ಕಡಲ ಕಡೆಯ ಬೆಚ್ಚನೆ ತೇವದ ಗಾಳಿ ಅದಕ್ಕೆ ಹೊರಗಿನಿಂದ ತಾಗುತ್ತದೆ. ಮೇಲೆ ಒಳಬದಿಗೆ ಕಟ್ಟುತ್ತಿದ್ದ ಮಬ್ಬು ಈಗ ಹೊರಬದಿಗೆ ಕಟ್ಟುತ್ತದೆ. ಅಲ್ಲಿ ಕೆಲಸ ಕೊಟ್ಟ ಬಟನ್ನನ್ನೇ ಇಲ್ಲಿಯೂ ಒತ್ತಿ, ಏಕೆ ಹೋಗುತ್ತಿಲ್ಲ ಎಂದು ಕಂಗಾಲಾಗುವುದು ಇದೇ ಜಾಗದಲ್ಲಿ. ಇಳಿಜಾರು ಶುರುವಾಗುವ ಮುಂಚೆಯೇ ತಾಪಮಾನವನ್ನು 26ಕ್ಕೆ ತಂದಿಡಿ, ಗಾಳಿಯನ್ನು ಗಾಜಿನಿಂದ ತೆಗೆದು ಕಾಲಿಗೆ ಕೊಡಿ. ಅರಬೈಲ್ ಇಳಿದು ಅಂಕೋಲಾಕ್ಕೆ ಹೋಗುವವರಿಗೂ, ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರಕ್ಕೆ ಹೋಗುವವರಿಗೂ ಇದೇ ಕ್ರಮ.

ಗಾಜಿನ ಮಬ್ಬಿನ ಜೊತೆಗೆ ಘಟ್ಟದ ತುದಿಯಲ್ಲಿ ಹೊರಗಿನ ಮಂಜು ಕೂಡ ಸೇರಿಕೊಂಡಿರುತ್ತದೆ. ಅದನ್ನು ಯಾವ ಬಟನ್ನೂ ಓಡಿಸದು. ಗಾಜು ತಿಳಿಯಾಗಿದ್ದರೂ ರಸ್ತೆ ಕಾಣದಿದ್ದರೆ ತಗ್ಗುಬೆಳಕು ಹಾಕಿ ವೇಗ ಇಳಿಸಿ. ನಿಲ್ಲಿಸಲೇಬೇಕಾದರೆ ತಿರುವು ದಾಟಿ, ಹಿಂದಿನವರಿಗೆ ದೂರದಿಂದ ಕಾಣುವ ಅಗಲದ ಜಾಗದಲ್ಲಿ, ರಸ್ತೆ ಬಿಟ್ಟು ನಿಲ್ಲಿಸಿ ಅಪಾಯದ ದೀಪ ಹಾಕಿ. ಮಳೆಯಲ್ಲಿ ಗುಡ್ಡದ ಬರೆ ಕುಸಿಯುವ ಕಡೆ, ಧರೆಯ ಬುಡಕ್ಕೆ ಕಾರು ಒತ್ತಿ ನಿಲ್ಲಿಸುವುದು ಖಂಡಿತ ಬೇಡ.

ಹಂತ 6: ಶಿರಸಿಯ ಚಳಿಗಾಲದ ಮುಂಜಾನೆ

ಡಿಸೆಂಬರ್, ಜನವರಿಯಲ್ಲಿ ಘಟ್ಟದ ಮೇಲೆ ಬೆಳಿಗ್ಗೆ ಗಾಜು ಹೊರಗೂ ಒಳಗೂ ತೋಯ್ದಿರುತ್ತದೆ. ಹೊರಗಿನದು ಇಬ್ಬನಿ, ಬಟ್ಟೆಯಿಂದ ಒರೆಸಿ. ಬಿಸಿನೀರು ಎರಚಬೇಡಿ. ತಣ್ಣನೆ ಗಾಜಿಗೆ ಒಮ್ಮೆಲೇ ಬಿಸಿ ತಾಗಿದರೆ ಬಿರುಕು ಬರಬಹುದು, ಕಲ್ಲು ಸಿಡಿದು ಸಣ್ಣ ಗಾಯ ಆಗಿರುವ ಗಾಜಂತೂ ಅಡ್ಡಕ್ಕೆ ಸೀಳುತ್ತದೆ. ಅದೇ ಕಾರಣಕ್ಕೆ ಹೀಟರನ್ನೂ ಮೆಲ್ಲಗೆ ಏರಿಸಿ.

ಹೀಟರಿನ ಬಿಸಿ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್‌ನಿಂದ ಬರುವುದರಿಂದ ಮೊದಲ ಕೆಲವು ನಿಮಿಷ ತಣ್ಣನೆ ಗಾಳಿಯೇ ಬರುತ್ತದೆ. ಆ ಹೊತ್ತಿನಲ್ಲಿ ಎಸಿ ಮತ್ತು ಹೊರಗಾಳಿ ಕೆಲಸಕ್ಕೆ ಬರುತ್ತವೆ. ಇಬ್ಬನಿ ಬಿದ್ದಿದ್ದರೂ ಇಲ್ಲಿ ಹೊರಗಿನ ಗಾಳಿ ತಣ್ಣಗಿರುವುದರಿಂದ ಅದರಲ್ಲಿರುವ ನೀರಾವಿ ಕಡಿಮೆ, ಆದ್ದರಿಂದ ಹೊರಗಾಳಿ ಮುಚ್ಚಿಡುವ ಪ್ರಶ್ನೆಯೇ ಇಲ್ಲ. ವಿದ್ಯುತ್ ಕಾರುಗಳಲ್ಲಿ ಬಿಸಿಗೆ ಎಂಜಿನ್ ಇಲ್ಲ, ಬ್ಯಾಟರಿಯಿಂದಲೇ ಬರುತ್ತದೆ. ಬೇಗ ಬಿಸಿಯಾಗುತ್ತದೆ, ಆದರೆ ಓಡುವ ದೂರ ಸ್ವಲ್ಪ ಕಡಿಮೆಯಾಗುತ್ತದೆ. ಬ್ಯಾಟರಿ ಉಳಿಸಲೆಂದು ಗಾಜನ್ನು ಮಬ್ಬಾಗಲು ಬಿಡಬೇಡಿ.

ಕಾರು ಬಿಸಿಯಾಗಲಿ ಎಂದು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಒಳಗೆ ಕೂರಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣವಿಲ್ಲ, ಪ್ರಾಣ ತೆಗೆಯುತ್ತದೆ.

ಹಿಂದಿನ ಗಾಜು

ಹಿಂದಿನ ಗಾಜಿನ ಮೇಲಿನ ತೆಳು ಗೆರೆಗಳು ವಿದ್ಯುತ್ತಿನಿಂದ ಬಿಸಿಯಾಗುತ್ತವೆ. ಬಟನ್ ಒತ್ತಿದರೆ ಸಾಕು, ಬಹುತೇಕ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಒಳಗಿನಿಂದ ಒರೆಸುವಾಗ ಗೆರೆಗಳ ಉದ್ದಕ್ಕೆ ಒರೆಸಿ, ಅಡ್ಡ ಉಜ್ಜಬೇಡಿ. ಒಂದು ಗೆರೆ ತುಂಡಾದರೆ ಆ ಗೆರೆಯ ಪಟ್ಟಿ ಮಬ್ಬಾಗಿಯೇ ಉಳಿಯುತ್ತದೆ. ಡಿಕ್ಕಿಯ ಸಾಮಾನು, ಅಡಿಕೆ ಚೀಲಗಳು ಗೆರೆಗಳಿಗೆ ತಾಗಿ ಕೆರೆಯದಂತೆಯೂ ನೋಡಿಕೊಳ್ಳಿ.

ಎಸಿ ಇಲ್ಲದ ಅಥವಾ ಕೆಟ್ಟ ಕಾರಿನಲ್ಲಿ

ಹೀಟರ್ ಗಾಜಿಗೆ, ಹೊರಗಾಳಿ ತೆರೆದು, ಎದುರುಬದುರಿನ ಎರಡು ಕಿಟಕಿ ಸ್ವಲ್ಪ ಇಳಿಸಿ. ಕಿಟಕಿಗಳ ಮೇಲೆ ಮಳೆತಡೆ ಪಟ್ಟಿ ಹಾಕಿಸಿಕೊಂಡರೆ ಗಾಜು ಇಳಿಸಿದರೂ ನೀರು ಒಳಬರುವುದಿಲ್ಲ. ಖರ್ಚು ಸಣ್ಣದು, ಉಪಕಾರ ದೊಡ್ಡದು. ಗಾಜಿನ ಒಳಬದಿಗೆ ಕ್ಷೌರದ ನೊರೆ ಹಚ್ಚಿ ಒರೆಸಿದರೆ ಸ್ವಲ್ಪ ಕಾಲ ಮಬ್ಬು ಕಟ್ಟುವುದು ತಗ್ಗುತ್ತದೆ ಎಂಬುದು ನಿಜ. ಆದರೆ ಚೆನ್ನಾಗಿ ಉಜ್ಜಿ ತೆಗೆಯದಿದ್ದರೆ ರಾತ್ರಿ ಎದುರು ದೀಪಕ್ಕೆ ಕಣ್ಣು ಕುಕ್ಕುತ್ತದೆ. ಹಗಲು ಒಮ್ಮೆ ಪರೀಕ್ಷಿಸದೆ ರಾತ್ರಿಯ ಪ್ರಯಾಣಕ್ಕೆ ಬಳಸಬೇಡಿ. ಎಣ್ಣೆ, ಡೀಸೆಲ್ ಇತ್ಯಾದಿಗಳನ್ನು ಗಾಜಿಗೆ ಸವರುವುದು ಯಾವ ಕಾಲಕ್ಕೂ ಬೇಡ.

ಹಂತ 7: ನಿಲ್ಲಿಸಿದ ಮೇಲೆ ತೇವ ಹೊರಹಾಕಿ

ಮರುದಿನದ ಮಬ್ಬು ಇವತ್ತಿನ ಒದ್ದೆ ಮ್ಯಾಟಿನಲ್ಲಿದೆ. ಮನೆಗೆ ಬಂದ ಕೂಡಲೇ ರಬ್ಬರ್ ಮ್ಯಾಟ್ ತೆಗೆದು ನೀರು ಚೆಲ್ಲಿ, ಅದರಡಿ ಪತ್ರಿಕೆ ಹಾಸಿ, ಒದ್ದೆಯಾದದ್ದನ್ನು ದಿನವೂ ಬದಲಿಸಿ. ಕೊಡೆ, ರೇನ್‌ಕೋಟ್, ಮೀನಿನ ಚೀಲ ರಾತ್ರಿ ಕಾರಿನಲ್ಲಿ ಉಳಿಯಬಾರದು.

ಛಾವಣಿಯಡಿ ನಿಲ್ಲಿಸುವವರು ಎಸಿ ಆರಿಸಿ, ಬಾಗಿಲು ತೆರೆದು, ಬ್ಲೋವರನ್ನು ಮೂರು ನಾಲ್ಕು ನಿಮಿಷ ಓಡಿಸಿದರೆ ಕಾಯಿಲ್ ಒಣಗಿ ಬೂಸಲು ವಾಸನೆ ಬರುವುದಿಲ್ಲ. ಇದನ್ನು ಮನೆ ಮುಟ್ಟಿದ ಮೇಲೆ ಮಾಡಿ, ದಾರಿಯ ಕೊನೆಯ ಕಿಲೋಮೀಟರುಗಳಲ್ಲಲ್ಲ. ಓಡುವಾಗ ಮಾಡಿದರೆ ಗಾಜು ಮಬ್ಬಾಗುವುದು ಖಚಿತ. ಮಳೆ ಹೊಳವಾದ ದಿನ ನಾಲ್ಕೂ ಬಾಗಿಲು ಅರ್ಧ ಗಂಟೆ ತೆರೆದಿಡಿ. ವಾರಗಟ್ಟಲೆ ಕದಲದೆ ನಿಂತ ಕಾರಿನ ಸೀಟು, ಬೆಲ್ಟುಗಳಿಗೆ ಬೂಸಲು ಹಿಡಿದಿದ್ದರೆ ಗಾಜು ಎಷ್ಟು ಒರೆಸಿದರೂ ತಿರುಗಿ ಮಬ್ಬಾಗುತ್ತದೆ.

ಮೆಕ್ಯಾನಿಕ್ ಬಳಿ ಹೋಗಲೇಬೇಕಾದ ಲಕ್ಷಣಗಳು

ಮೇಲಿನದೆಲ್ಲ ಮಾಡಿಯೂ ಗಾಜು ದಿನವೂ ಮಬ್ಬಾಗುತ್ತಿದ್ದರೆ ನೀರು ಎಲ್ಲಿಂದಲೋ ಒಳಗೆ ಬರುತ್ತಿದೆ ಎಂದರ್ಥ. ಎಡಬದಿಯ ಮುಂದಿನ ಸೀಟಿನ ಕಾಲಡಿ ಕಾರ್ಪೆಟ್ ಒತ್ತಿ ನೋಡಿ. ಅಲ್ಲಿ ನೀರು ಜಿನುಗಿದರೆ, ಎಸಿ ಹಾಕಿದಾಗ ಕಾರಿನಡಿ ಹನಿ ಬೀಳದಿದ್ದರೆ, ಡ್ರೇನ್ ಪೈಪ್ ಕಟ್ಟಿಕೊಂಡಿದೆ. ಬಿಡಿಸುವುದು ಸಣ್ಣ ಕೆಲಸ, ಬಿಟ್ಟರೆ ಕಾರ್ಪೆಟ್ಟಿನಡಿಯ ವೈರಿಂಗ್ ಹಾಳಾಗುತ್ತದೆ. ಕಾರ್ಪೆಟ್ ಹಿಂಬದಿಯಲ್ಲಿ ಒದ್ದೆಯಿದ್ದರೆ ಬಾಗಿಲ ರಬ್ಬರ್, ಡಿಕ್ಕಿಯ ರಬ್ಬರ್ ನೋಡಿಸಿ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ನೀರಿನ ದಾರಿಯಲ್ಲಿ ಎಲೆ ಸಿಕ್ಕಿರಬಹುದು.

ಎಸಿ ಹಾಕಿದರೂ ಗಾಳಿ ತಣ್ಣಗಾಗದಿದ್ದರೆ ಅದು ಗಾಳಿಯನ್ನು ಒಣಗಿಸುತ್ತಲೂ ಇಲ್ಲ. ಗ್ಯಾಸ್ ಮಾತ್ರ ತುಂಬಿಸಿ ಕಳಿಸಲು ಬಿಡಬೇಡಿ, ಎಲ್ಲಿ ಸೋರುತ್ತಿದೆ ಎಂದು ಪತ್ತೆಮಾಡಿಸಿ. ಉಪ್ಪುಗಾಳಿಯ ಊರುಗಳಲ್ಲಿ ಮುಂಭಾಗದ ಕಂಡೆನ್ಸರ್ (ಎಸಿಯ ಬಿಸಿಯನ್ನು ಹೊರಹಾಕುವ ಭಾಗ) ತುಕ್ಕು ತಿಂದಿದೆಯೇ ಎಂದೂ ನೋಡಿಸಿ.

ಎಲ್ಲಕ್ಕಿಂತ ಗಂಭೀರವಾದದ್ದು ಒಂದಿದೆ. ಹೀಟರ್ ಹಾಕಿದಾಗ ಸಿಹಿಯೆನಿಸುವ ವಾಸನೆ ಬಂದು, ಗಾಜಿನ ಒಳಬದಿಗೆ ಜಿಗುಟಾದ ಮಬ್ಬು ಕಟ್ಟಿ, ಒರೆಸಿದರೆ ಎಣ್ಣೆಯಂತೆ ಸವರಿಕೊಂಡರೆ ಅದು ನೀರಲ್ಲ, ಕೂಲಂಟ್. ಡ್ಯಾಶ್‌ಬೋರ್ಡಿನ ಒಳಗಿನ ಹೀಟರ್ ಕಾಯಿಲ್ ಸೋರುತ್ತಿದೆ. ಹೀಟರ್ ಆರಿಸಿ, ಕಿಟಕಿ ತೆರೆಯಿರಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕೂಲಂಟ್ ಮಟ್ಟ ನೋಡಿ. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಇಳಿದಿದ್ದರೆ ಆ ಕಾರಿನಲ್ಲಿ ಘಟ್ಟ ಹತ್ತಬೇಡಿ. ದುರಸ್ತಿ ಮಾಡಿಸಿದ ಮೇಲೂ ಗಾಜಿನ ಒಳಬದಿಯನ್ನು ದ್ರಾವಣದಿಂದ ಎರಡು ಮೂರು ಬಾರಿ ಒರೆಸಬೇಕಾಗುತ್ತದೆ, ಆ ಜಿಡ್ಡು ಒಂದೇ ಸಲಕ್ಕೆ ಬಿಡುವುದಿಲ್ಲ.